ಮೂಗಿಗೆ ಸಿಗದ್ದು

ಗ್ಯಾಸ್ ಒಲೆಯ ಕಿವಿ ತಿರುಗಿಸುವ ಮೊದಲು ಮೇಸ್ತ್ರಿ ಎಂದಿನಂತೆ ಬಗ್ಗಿ ಮೂಸಿದ, ಯಾರಿಗೆಂದೂ ಅಲ್ಲದೆ 'ಸರಿಯಾಗಿದೆ' ಅಂದ, ಆಮೇಲೆ ಕಡ್ಡಿ ಗೀರಿದ. ನೀಲಿ ಉರಿ ಸುತ್ತಲೂ ಹತ್ತಿಕೊಂಡಿತು. ಟೀ ಪಾತ್ರೆ ಹಿಡಿದ ಕೈ ಮಾತ್ರ ಒಲೆಯ ಮೇಲೆ ಗಾಳಿಯಲ್ಲೇ ನಿಂತುಬಿಟ್ಟಿತು. ಇದೇ ಮಾತನ್ನು ಇದೇ ದನಿಯಲ್ಲಿ ಇಷ್ಟೇ ಬಗ್ಗಿಕೊಂಡು ನಿನ್ನೆ ಸಂಜೆಯೂ ಆಡಿದ್ದೆನಲ್ಲ ಎಂದು ಹೊಳೆದದ್ದೇ ತಡ, ಅಡುಗೆಮನೆ ಹಿಂದೆ ಸರಿದು ಡಿಪೋದ ಶೆಡ್ಡು ಕಣ್ಣಮುಂದೆ ಬಂತು. ಹೊಸ ಬಸ್ಸಿನ ನೆತ್ತಿಯ ಮೇಲೆ ಮುಚ್ಚಳ ತೆಗೆದ ತಗ್ಗು, ಅದರಲ್ಲಿ ಸಾಲಾಗಿ ಮಲಗಿದ ಉದ್ದುದ್ದ ಸಿಲಿಂಡರುಗಳು, ಅವುಗಳ ನಡುವೆ ಮಂಡಿಯೂರಿದ ತಾನು. ಸವೆದ ವಾಷರ್ ತೆಗೆದು ಹೊಸದು ಕೂರಿಸಿ ಕೊಳವೆಯ ಜಾಯಿಂಟನ್ನು ಬಿಗಿ ಮಾಡಿ ಆಗಿತ್ತು. ಕೆಳಗಿನಿಂದ ಎಂಜಿನಿಯರ್ 'ಚೆಕ್ ಆಯ್ತಾ ಮೇಸ್ತ್ರಿ?' ಎಂದು ಕೂಗಿದ್ದ. ಅತ್ತ ಸ್ಟೋರಿನ ಬಾಗಿಲಲ್ಲಿ ನಿಂತು ಬೀಗದಣ್ಣ, 'ಲೋ ಮೂಗು, ನನ್ನ ಮೀಟರ್ ವಾಪಸ್ ಕೊಡ್ತೀಯೋ ಇಲ್ಲಾ ನಾನೂ ಇಲ್ಲೇ ಹಾಸಿಗೆ ಹಾಸ್ಲೋ?' ಎಂದು ಗದರಿದ್ದ. ಆಗ ತನ್ನ ಮುಖ ಜಾಯಿಂಟಿನ ಹತ್ತಿರ ಹೋಗಿತ್ತು. ಮೂಗಿನ ತುದಿಗೆ ಉಕ್ಕಿನ ತಂಪು ತಾಗಿದ್ದು ಈಗಲೂ ಗೊತ್ತಾಗುವಷ್ಟು ನೆನಪಿದೆ. 'ಸರಿಯಾಗಿದೆ' ಅಂದಿದ್ದ. ಸೋರಿಕೆ ತೋರಿಸುವ ಆ ಮೀಟರ್ ಹಿಡಿದು ನೋಡಿ ಅಂದಿದ್ದನೆ, ಬರೀ ಮೂಸಿ ಅಂದಿದ್ದನೆ?

"ರೀ, ಒಲೆ ಹಚ್ಚಿಟ್ಟು ಚಳಿ ಕಾಯಿಸ್ತಾ ಇದ್ದೀರಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಮಗಳು ಹೋದ್ಲಾ?"

"ಆಗಲೇ ಹೋದ್ಲು. ಇವತ್ತು ಅವಳು ಓಡಿಸೋದು ಆ ನೀರಿನ ಬಸ್ಸಲ್ವಾ, ರಾತ್ರಿಯಿಂದ ಕುಣೀತಿದ್ಲು. ಯಾಕೆ, ಏನಾಯ್ತು?"

"ಏನಿಲ್ಲ. ಸುಮ್ನೆ ಕೇಳ್ದೆ."

ನೀರಿನ ಬಸ್ಸು ಎಂದು ಹೆಸರಿಟ್ಟವಳು ಹೆಂಡತಿಯೇ. ಹೊಗೆ ಕಾರುವ ಜಾಗದಲ್ಲಿ ಹೊಸ ಬಸ್ಸು ನೀರು ತೊಟ್ಟಿಕ್ಕುತ್ತದೆ ಎಂದು ಅವನು ಬಂದು ಹೇಳಿದ ದಿನ ಅವಳು ಕೆನ್ನೆಗೆ ಕೈ ಹಚ್ಚಿ ಕೇಳಿದ್ದಳು. ಪೆಟ್ಟಿಗೆಯಂಥದ್ದೊಂದು ಇದೆ, ಫ್ಯೂಯೆಲ್ ಸೆಲ್ ಅಂತಾರೆ; ಅದರೊಳಗೆ ಒಂದು ಕಡೆಯಿಂದ ಹೈಡ್ರೋಜನ್ ಬರುತ್ತೆ, ಇನ್ನೊಂದು ಕಡೆಯಿಂದ ನಾವು ಉಸಿರಾಡೋ ಗಾಳಿ; ನಡುವೆ ಒಂದು ತೆಳ್ಳನೆ ಪೊರೆ; ಬೆಂಕಿಯಿಲ್ಲದೆ, ಸದ್ದಿಲ್ಲದೆ ಎರಡೂ ಸೇರ್ತವೆ, ಕರೆಂಟು ಹುಟ್ಟುತ್ತೆ, ಉಳಿದದ್ದು ನೀರು. ಹೈಡ್ರೋಜನ್ ಅಂದ್ರೆ ಹೇಗಿರುತ್ತೆ ಎಂದು ಕೇಳಿದ್ದಳು. ಕಣ್ಣಿಗೆ ಕಾಣಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ, ಜಗತ್ತಿನಲ್ಲಿ ಅದಕ್ಕಿಂತ ಹಗುರವಾದದ್ದೇ ಇಲ್ಲ, ಬಿಟ್ಟರೆ ಮೇಲಕ್ಕೇ ಹೋಗುತ್ತೆ ಎಂದಿದ್ದ. "ಅಯ್ಯೋ, ಅದು ದೇವರ ಥರಾನೇ ಇದೆಯಲ್ರೀ" ಎಂದು ಅವಳು ತೀರ ಸಹಜವಾಗಿ ಹೇಳಿ ಪಾತ್ರೆ ತೊಳೆಯಲು ಹೋಗಿದ್ದಳು. ಅವನು ನಕ್ಕಿದ್ದ. ಈಗ ಆ ಮಾತು ಎದೆಯೊಳಗೆ ತಣ್ಣಗೆ ಇಳಿಯಿತು. ಕಾಣದ್ದನ್ನು ನಂಬುವುದು ಅವಳ ಕೆಲಸವಾಗಿತ್ತು. ಅವಳು ಪ್ರತಿ ಬೆಳಗ್ಗೆ ದೇವರ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಅವನು ಮೂಗಿಗೆ ಸಿಕ್ಕಿದ್ದನ್ನು ನಂಬಿ ಬದುಕಿದವನು.

ಆ ಮೂಗಿನಿಂದಲೇ ಅವನಿಗೆ ಮೂಗು ಮೇಸ್ತ್ರಿ ಎಂಬ ಹೆಸರು. ಡೀಸೆಲ್ ಬಸ್ಸು ಗೇಟಿನೊಳಗೆ ತಲೆ ಹಾಕುತ್ತಿದ್ದ ಹಾಗೇ, ಎಂಜಿನ್ ಆಯಿಲ್ ಕುಡಿಯುತ್ತಿದೆ ಎಂದೋ, ರೇಡಿಯೇಟರ್ ಸೋರುತ್ತಿದೆ ಎಂದೋ, ಬ್ರೇಕು ಕಚ್ಚಿಕೊಂಡಿದೆ ಎಂದೋ ಕುಳಿತಲ್ಲಿಂದಲೇ ಹೇಳುತ್ತಿದ್ದ. ಬ್ರೇಕು ಸುಟ್ಟರೆ ಕೂದಲು ಸುಟ್ಟಂಥ ಕಮಟು, ರೇಡಿಯೇಟರ್ ನೀರಿಗೆ ಹಣ್ಣು ಕೊಳೆತಂಥ ಸಿಹಿ. ಅವನಿಗೆ ಕೆಲಸ ಕಲಿಸಿದ ಮುದುಕ, 'ಮೀಟರ್ ಕೆಟ್ಟು ಕೂರುತ್ತೆ, ಮೂಗು ಕೆಡಲ್ಲ ಕಣೋ' ಎಂದು ಹೇಳುತ್ತ ಎಂಜಿನ್ನಿನ ಮೇಲೆ ಕುತ್ತಿಗೆ ಹಿಡಿದು ಬಗ್ಗಿಸುತ್ತಿದ್ದ. ಮ್ಯಾನೇಜರು ರಜೆಯ ದಿನವೂ ಮನೆಗೆ ಆಳು ಕಳಿಸಿ, 'ಬಂದು ಒಂದ್ಸಲ ಮೂಸಿ ಹೋಗಲಿ' ಎಂದು ಕರೆಸಿದ್ದುಂಟು. ಡೀಸೆಲ್ ಗಾಡಿಗಳು ಒಂದೊಂದಾಗಿ ಹೋಗಿ ಹೈಡ್ರೋಜನ್ ಗಾಡಿಗಳು ಬರತೊಡಗಿದಾಗ ಅವನ ಜೊತೆಯವರನ್ನೆಲ್ಲ ಬೇರೆ ಬೇರೆ ಡಿಪೋಗಳಿಗೆ ಹಾಕಿದರು, ಕೆಲವರನ್ನು ಮನೆಗೆ ಕಳಿಸಿದರು. ಅವನೊಬ್ಬನನ್ನು ಮಾತ್ರ ತರಬೇತಿ ಕೊಟ್ಟು ಉಳಿಸಿಕೊಂಡರು. ಹೋಗುವವರು ಕೈ ಕುಲುಕಿ, 'ನಿನ್ನ ಮೂಗು ಗೆದ್ದಿತಪ್ಪ' ಎಂದು ಹೇಳಿ ಹೋದರು. ಗೆಲ್ಲುವುದೆಲ್ಲಿ ಬಂತು? ತರಬೇತಿಯ ಮೊದಲ ದಿನವೇ ಆ ಎಳೆ ಮೀಸೆಯ ಎಂಜಿನಿಯರ್ ನಗುನಗುತ್ತ ಅದರ ಕತೆ ಮುಗಿಸಿದ್ದ. ಅಡುಗೆ ಗ್ಯಾಸಿಗೂ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ವಾಸನೆ ಬೆರೆಸಿರುತ್ತಾರೆ. ಇದಕ್ಕೆ ಬೆರೆಸುವ ಹಾಗೂ ಇಲ್ಲ, ಸೆಲ್ಲಿನೊಳಗಿನ ಪೊರೆ ಹಾಳಾಗುತ್ತೆ. 'ಹಾಗಾಗಿ ಮೇಸ್ತ್ರಿ, ನಿಮ್ಮ ಮೂಗಿಗೆ ಇನ್ನು ವಿಶ್ರಾಂತಿ' ಎಂದಿದ್ದ. ಎಲ್ಲರೂ ನಕ್ಕಿದ್ದರು, ಅವನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆಮೇಲೆ ಅಂಗಳದಲ್ಲಿ, ಹೊಳೆಯುವ ಬಿಸಿಲಿನಲ್ಲಿ, ಒಂದು ಸಣ್ಣ ಕೊಳವೆಯ ಬಾಯಿಗೆ ಬೆಂಕಿ ಹಚ್ಚಿದ್ದೇನೆ ನೋಡಿ ಎಂದರೆ ಯಾರಿಗೂ ಏನೂ ಕಾಣಲಿಲ್ಲ. ಹಗಲಲ್ಲಿ ಇದರ ಉರಿ ಕಾಣಲ್ಲ, ಹಿಂದಿನವರು ಹೀಗೆ ಹುಡುಕುತ್ತಿದ್ದರು ಎಂದು ಅವನ ಕೈಗೇ ಒಂದು ಹುಲ್ಲಿನ ಪೊರಕೆ ಕೊಟ್ಟು ಮುಂದೆ ಚಾಚಿಕೊಂಡು ನಡೆಯಲು ಹೇಳಿದ. ಅವನು ಕುರುಡನ ಹಾಗೆ ಒಂದೊಂದೇ ಹೆಜ್ಜೆ ಇಟ್ಟ. ಏನೂ ಇಲ್ಲದ ಗಾಳಿಯಲ್ಲಿ ಪೊರಕೆಯ ತುದಿ ಭಗ್ಗನೆ ಹತ್ತಿಕೊಂಡಿತು. 'ಮೂಗು ಹೋಗಿ ಪೊರಕೆ ಬಂತು ಡುಂಡುಂ' ಎಂದು ಬೀಗದಣ್ಣ ಹಿಂದಿನಿಂದ ಹಾಡಿದ. ಸ್ಟೋರು ನೋಡಿಕೊಳ್ಳುವ ಆ ಮನುಷ್ಯ ಸೊಂಟಕ್ಕೆ ಬೀಗದ ಗೊಂಚಲು ಕಟ್ಟಿಕೊಂಡೇ ಹುಟ್ಟಿದವನಂತಿದ್ದ, ಅವನ ಬಾಯಿಗೆ ಮಾತ್ರ ಬೀಗವಿರಲಿಲ್ಲ.

ಟೀ ಕುಡಿದನೋ ಬಿಟ್ಟನೋ, ಸ್ಕೂಟರು ಹತ್ತಿ ರಸ್ತೆಗೆ ಬಂದಿದ್ದ. ಅಂಗಡಿಗಳ ಶಟರುಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಔಷಧದಂಗಡಿಯ ಮುಂದೆ ಒಬ್ಬಳು ನೀರು ಚೆಲ್ಲಿ ಕಟ್ಟೆ ತೊಳೆಯುತ್ತಿದ್ದಳು, ಆ ನೀರು ಹರಿದು ಬಂದು ಅವನ ಚಕ್ರದಡಿ ಸೀಳಿತು. ಮನಸ್ಸು ಸಮಾಧಾನದ ಮಾತುಗಳನ್ನು ತಂದು ತಂದು ಮುಂದಿಡುತ್ತಿತ್ತು. ಬಸ್ಸಿನ ನೆತ್ತಿಯಲ್ಲೇ ಸೆನ್ಸರ್ ಇದೆಯಲ್ಲ, ಸೋರಿದರೆ ಅದೇ ಕೂಗಿಕೊಂಡು ಗ್ಯಾಸು ನಿಲ್ಲಿಸುತ್ತೆ. ನಿಜ. ಆದರೆ ಬಯಲಲ್ಲಿ ಗಾಡಿ ಓಡುವಾಗ ಸಣ್ಣ ಸೋರಿಕೆ ಗಾಳಿಗೆ ಹಾರಿಹೋಗಿ ಸೆನ್ಸರಿಗೆ ಸಿಗದೆಯೂ ಇರಬಹುದು ಎಂದು ಅದೇ ತರಬೇತಿಯಲ್ಲಿ ಹೇಳಿದ್ದರು. ಬಯಲಲ್ಲಿ ಅಪಾಯವೂ ಇಲ್ಲ, ಮೇಲಕ್ಕೆ ಹೋಗಿ ಆಕಾಶಕ್ಕೆ ಸೇರುತ್ತೆ. ಮೇಲಕ್ಕೆ ಹೋಗಲು ಬಿಡದ ಜಾಗ ಬಂದರೆ? ನಿನ್ನೆ ತಾನು ರಿಪೇರಿ ಮಾಡಿದ ಬಸ್ಸನ್ನೇ ಇವತ್ತು ಮಗಳು ಓಡಿಸುತ್ತಿದ್ದಾಳೆ. ಬೆಳಗಿನ ಪಾಳಿಯಲ್ಲಿ ಅದು ಹೊಳೆದಂಡೆಯ ರಸ್ತೆಯಲ್ಲಿ ಹೋಗಿ ಬಂದು ಮಾಡುತ್ತದೆ. ಮಧ್ಯಾಹ್ನದ ಪಾಳಿಗೆ ಆಸ್ಪತ್ರೆಯ ದಾರಿ. ಆ ದಾರಿಯಲ್ಲಿ ಗುಡ್ಡ ಕೊರೆದ ಸುರಂಗವಿದೆ. ಒಳಗೆ ಸದಾ ಗಾಡಿಗಳು ಗಂಟು ಬಿದ್ದು ನಿಂತಿರುತ್ತವೆ. ನಿಂತ ಬಸ್ಸು, ನೆತ್ತಿಯ ಮೇಲೆ ಕಲ್ಲಿನ ಕಮಾನು, ಕಮಾನಿನಡಿ ಮೆಲ್ಲಗೆ ತುಂಬಿಕೊಳ್ಳುವ ಆ ಏನೂ ಅಲ್ಲದ್ದು, ಪಕ್ಕದ ಯಾವುದೋ ಹಳೇ ಲಾರಿಯಿಂದ ಸಿಡಿವ ಒಂದು ಕಿಡಿ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನ ಹೆಂಗಸು ಹಿಂದೆ ಕೂತವಳಿಗೆ, "ಆ ಬಾಂಬಿನ ಬಸ್ಸಿಗೆ ಹತ್ತಬೇಡ, ನಡ್ಕೊಂಡೇ ಬಾ" ಎನ್ನುತ್ತಿದ್ದಳು. ದಿನಾ ಕೇಳುವ ಮಾತೇ. ಇಂಥದ್ದಕ್ಕೆ ಅವನು ತಿರುಗಿ ನಿಂತು ಪಾಠ ಮಾಡುತ್ತಿದ್ದ: ಡೀಸೆಲ್ ಹೊಗೆ ಕುಡಿದು ನಮ್ಮ ಎದೆಗಳು ಏನಾಗಿವೆ ಗೊತ್ತಾ ತಾಯಿ, ಈ ಬಸ್ಸಿನ ಹಿಂದೆ ನಿಂತು ಉಸಿರೆಳೆದು ನೋಡಿ. ಇವತ್ತು ಮುಖ ಆಚೆ ತಿರುಗಿಸಿಕೊಂಡ. ದೇವರೇ, ಎಂದಿತು ಮನಸ್ಸು. ಆಮೇಲೆ ಏನು ಕೇಳುವುದೆಂದು ತಿಳಿಯದೆ ನಿಂತಿತು. ಮುಂದೆ ಆಗುವುದನ್ನು ಕಾಪಾಡು ಎನ್ನಬಹುದು. ನಿನ್ನೆ ಸಂಜೆ ನಾನು ಮೀಟರ್ ಹಿಡಿದಿರುವಂತೆ ಮಾಡು ಎಂದು ಇವತ್ತು ಬೆಳಗ್ಗೆ ಕೇಳಿಕೊಳ್ಳಬಹುದೆ? ಹಾಗೆ ಕೇಳುವವರ ದನಿಯೂ ದೇವರಿಗೆ ಮುಟ್ಟುತ್ತದೆಯೆ?

ಸ್ಟೋರಿನ ಕಟಕಟೆಯಲ್ಲಿ ಬೀಗದಣ್ಣ ಬನ್ನು ಮುರಿದು ಟೀಗೆ ಅದ್ದಿ ತಿನ್ನುತ್ತಿದ್ದ. ಅವನ ಬೆನ್ನ ಹಿಂದಿನ ಮೊಳೆಗೆ ಮೀಟರ್ ತೂಗುತ್ತಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಹಕ್ಕಿಯ ಕೊಕ್ಕಿನಂಥ ಮೂತಿ. ಅದನ್ನು ಹಿಡಿದ ಭಾರ ಕೈಗೆ ನೆನಪಿದೆ, ಏಣಿ ಇಳಿಯುವಾಗ ಅದು ತೊಡೆಗೆ ಬಡಿದದ್ದು ನೆನಪಿದೆ. ಅದರ ಮುಖದಲ್ಲಿ ಅಂಕಿ ಕಂಡ ನೆನಪು ಮಾತ್ರ ಎಷ್ಟು ಕೆದಕಿದರೂ ಬರುತ್ತಿಲ್ಲ.

"ಏನೋ ಮೂಗು, ಬೆಳಗ್ಗೆ ಬೆಳಗ್ಗೆ ನನ್ನ ದರ್ಶನಕ್ಕೆ?"

"ನಿನ್ನೆ ನಾನು ಮೀಟರ್ ಕೊಟ್ಟೆನಲ್ಲ, ಆಗ ಅದು ಆನ್ ಆಗಿತ್ತಾ?"

"ಆಫ್ ಆಗಿತ್ತು. ಆರಿಸಿ ಕೊಟ್ಟಿದ್ದೀಯ, ಪರವಾಗಿಲ್ಲ, ವಯಸ್ಸಾದ ಮೇಲೆ ಬುದ್ಧಿ ಬಂತು ಅಂದ್ಕೊಂಡೆ." ಬೀಗದಣ್ಣ ಬನ್ನು ಅಗಿಯುವುದನ್ನು ನಿಲ್ಲಿಸಿದ. "ಯಾಕೆ?"

"ಬ್ಯಾಟರಿ ಹೋಗಿರುತ್ತೇನೋ ಅಂತ."

"ಓಹೋ! ನನ್ನ ಬ್ಯಾಟರಿ ಮೇಲೆ ಇಷ್ಟು ಪ್ರೀತಿ ಯಾವಾಗಿಂದ?"

ಆ ಕಣ್ಣುಗಳು ತನ್ನ ಮೇಲೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನಿಂತವು ಎಂದು ಅವನಿಗನಿಸಿತು. ಆಫ್ ಆಗಿತ್ತು. ನೋಡಿ ಮುಗಿಸಿ ಆರಿಸಿದ್ದೂ ಆಗಿರಬಹುದು, ಹಚ್ಚದೇ ಇದ್ದದ್ದೂ ಆಗಿರಬಹುದು. ಮೀಟರ್ ಕೊಡು ಎಂದು ಈಗ ಕೈ ಚಾಚಿದರೆ ಯಾವ ಗಾಡಿಗೆ, ಏನಾಗಿದೆ, ಯಾರು ಹೇಳಿದರು ಎಂದು ಈ ಮನುಷ್ಯ ಕೇಳುತ್ತಾನೆ, ಮಧ್ಯಾಹ್ನದೊಳಗೆ ಕ್ಯಾಂಟೀನಿನ ತಟ್ಟೆತಟ್ಟೆಗೂ ಬಡಿಸಿರುತ್ತಾನೆ. ಅವನು ಎಂಜಿನಿಯರ್ ಕೋಣೆಯ ಕಡೆ ನಡೆದ. ಹೇಳಿಬಿಡುತ್ತೇನೆ ಎಂದುಕೊಂಡೇ ನಡೆದ. ಶೆಡ್ಡಿನಲ್ಲಿ ನಿಂತ ಹೊಸ ಬಸ್ಸುಗಳು ಬಿಳಿಯ ದೊಡ್ಡ ಪ್ರಾಣಿಗಳ ಹಾಗೆ ಸದ್ದಿಲ್ಲದೆ ನೋಡುತ್ತಿದ್ದವು. ನೆಲ ಎಷ್ಟು ಚೊಕ್ಕಟ! ಡೀಸೆಲ್ ಕಾಲದಲ್ಲಿ ಇದೇ ನೆಲದಲ್ಲಿ ಕಾಲಿಟ್ಟರೆ ಜಾರುತ್ತಿತ್ತು, ಚಪ್ಪಲಿಗೆ ಕರಿ ಹತ್ತುತ್ತಿತ್ತು, ಮಗಳು ಚಿಕ್ಕವಳಾಗಿದ್ದಾಗ ಅವನು ಮನೆಗೆ ಬಂದ ಕೂಡಲೆ ಅಂಗಿಗೆ ಮುಖ ಒತ್ತಿ, 'ಅಪ್ಪನ ವಾಸನೆ' ಎನ್ನುತ್ತಿದ್ದಳು. ಅವಳಿಗೆ ಒಲೆ ಹಚ್ಚಲು ಕಲಿಸಿದ್ದೂ ಅವನೇ. ಸ್ಟೂಲಿನ ಮೇಲೆ ನಿಲ್ಲಿಸಿ, ಪುಟ್ಟ ಕುತ್ತಿಗೆ ಹಿಡಿದು ಬಗ್ಗಿಸಿ, ಮೊದಲು ಮೂಗು ಆಮೇಲೆ ಕಡ್ಡಿ, ತಿಳೀತಾ? ತಿಳೀತು ಅಪ್ಪ.

"ಬನ್ನಿ ಮೇಸ್ತ್ರಿ, ನಿಮ್ಮ ಮಾತೇ ಆಡ್ತಿದ್ದೆ" ಎಂದ ಎಂಜಿನಿಯರ್. ಕೋಣೆಯಲ್ಲಿ ಇನ್ನಿಬ್ಬರು ಮೆಕ್ಯಾನಿಕ್ಕುಗಳು ಗೋಡೆಗೊರಗಿ ನಿಂತಿದ್ದರು. "ನಾಳೆ ಪಕ್ಕದ ಊರಿನ ಡಿಪೋದವರು ನಮ್ಮ ಗಾಡಿ ನೋಡೋಕೆ ಬರ್ತಿದ್ದಾರೆ. ಅವರಿಗೆ ಭಯ. ನಾನು ಹೇಳ್ದೆ, ನಮ್ಮ ಮೇಸ್ತ್ರಿ ಒಂದ್ಸಲ 'ಆಯ್ತು' ಅಂದ್ರೆ ನಾನು ತಿರುಗಿ ನೋಡಲ್ಲ, ಅಷ್ಟು ನಂಬಿಕೆ ಅಂತ."

ಅವನು ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಸಾರ್, ನಿನ್ನೆ ನಾನು ಮೂಸಿ ನೋಡಿ ಆಯ್ತು ಅಂದೆ. ಇಷ್ಟೇ ಮಾತು. ಹೇಳಿದ ಕೂಡಲೆ ಗೋಡೆಗೊರಗಿದ ಇಬ್ಬರೂ ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ನಗುತ್ತಾರೆ. ಹೈಡ್ರೋಜನ್ ಮೂಸಿದ ಮೇಸ್ತ್ರಿ ಎಂದು ಅವನು ಸತ್ತ ಮೇಲೂ ಹೇಳಿಕೊಂಡು ನಗುತ್ತಾರೆ. ನಗು ಮುಗಿದ ಮೇಲೆ ಅವನು ಕೈಯಾಡಿಸಿದ ಎಲ್ಲ ಗಾಡಿಗಳನ್ನೂ ನಿಲ್ಲಿಸಿ ಮತ್ತೆ ನೋಡಬೇಕು ಎನ್ನುತ್ತಾರೆ. ಬಸ್ಸು ನಿಂತರೆ ಊರಿಗೆಲ್ಲ ಸುದ್ದಿ. ನೋಡಿದ್ರಾ, ಬಾಂಬೇ ಅದು. ಅಪ್ಪನ ದೆಸೆಯಿಂದ ಹೊಸ ಬಸ್ಸು ಸಿಕ್ಕಿತು ಎಂದು ಮಗಳ ಬೆನ್ನ ಹಿಂದೆ ಆಡಿಕೊಳ್ಳುವವರು ಈಗ ಅಪ್ಪನ ದೆಸೆಯಿಂದಲೇ ಹೋಯಿತು ಎಂದು ಅವಳ ಮುಖಕ್ಕೇ ಹೇಳುತ್ತಾರೆ. ಬಾಯಿ ತೆರೆದ. ಒಳಗಿನಿಂದ ಬಂದದ್ದು ಬೇರೆಯೇ ಮಾತು. ಅದು ಎಲ್ಲಿ ಅಡಗಿ ಕೂತಿತ್ತೋ, ಎಷ್ಟು ನಯವಾಗಿ ಹೊರಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

"ಸಾರ್, ಒಂದು ತಪ್ಪಾಗಿದೆ. ನಿನ್ನೆ ಆ ಗಾಡಿ ಮೇಲೆ ನನ್ನ ಸ್ಪ್ಯಾನರ್ ಬಿಟ್ಟುಬಿಟ್ಟಿದ್ದೀನಿ ಅನ್ಸುತ್ತೆ. ಮುಚ್ಚಳದೊಳಗೆ."

ಎಂಜಿನಿಯರನ ಮುಖದಲ್ಲಿ ಏನೋ ಒಂದು ಚೂರು ಕಳಚಿಬಿತ್ತು. "ಏನ್ ಮೇಸ್ತ್ರಿ ನೀವು..."

"ಮೂಗಿಗೆ ಕಬ್ಬಿಣದ ವಾಸನೆ ಬರ್ಲಿಲ್ವಾ ಮೇಸ್ತ್ರಿ?" ಎಂದ ಗೋಡೆಯ ಪಕ್ಕದವರಲ್ಲಿ ಒಬ್ಬ. ಇನ್ನೊಬ್ಬ ಕೆಮ್ಮಿ ನಗು ಮುಚ್ಚಿಕೊಂಡ.

"ಅಲ್ಲಾಡಿ ಕೊಳವೆಗೆ ಬಡಿದರೆ ಕಷ್ಟ ಸಾರ್. ಸುರಂಗದ ದಾರಿಗೆ ಹೋಗೋ ಮುಂಚೆ ತೆಗೆದುಬಿಡ್ತೀನಿ."

ಎಂಜಿನಿಯರ್ ಫೋನು ಮಾಡಿ, ಬಸ್ಸು ಹೊಳೆದಂಡೆಯ ಕೊನೇ ಸ್ಟಾಪಿನಲ್ಲಿ ಜನ ಇಳಿಸಿ ನಿಲ್ಲಲಿ ಎಂದು ಹೇಳಿದ. ಆಮೇಲೆ ದನಿ ತಗ್ಗಿಸಿ, "ನೀವೇ ಹೋಗಿ ತಗೊಂಡ್ಬನ್ನಿ. ದೊಡ್ಡದು ಮಾಡೋದು ಬೇಡ. ಆಗುತ್ತೆ ಬಿಡಿ" ಎಂದ. ಆ ದಯೆಯೇ ಹೆಚ್ಚು ಚುಚ್ಚಿತು. ಮರೆಗುಳಿ ಮುದುಕನೆನಿಸಿಕೊಳ್ಳುವ ಸಣ್ಣ ಅವಮಾನವನ್ನು ತಾನಾಗಿ ಮೈಮೇಲೆ ಹೊದ್ದುಕೊಂಡು ಅವನು ಹೊರಬಂದ. ಅದರಡಿ ದೊಡ್ಡದು ಬೆಚ್ಚಗೆ ಮಲಗಿತ್ತು. ಕೈ ತೊಳೆಯುವ ತೊಟ್ಟಿಯ ಬಳಿ ಯಾರೂ ಇಲ್ಲದ್ದು ನೋಡಿಕೊಂಡು ಟೀ ಫ್ಲಾಸ್ಕು ಬರಿದು ಮಾಡಿ, ಸೋಪಿನ ನೀರು ಕಲಸಿ ತುಂಬಿಕೊಂಡ. ಮೀಟರ್ ಇಲ್ಲದಿದ್ದರೂ ಸೋಪಿನ ನೀರು ಸುಳ್ಳು ಹೇಳುವುದಿಲ್ಲ. ಸೋರುವ ಕಡೆ ಗುಳ್ಳೆ ಏಳುತ್ತದೆ. ತನ್ನ ಬಳಿಯಿದ್ದ ಎರಡು ಸ್ಪ್ಯಾನರುಗಳ ಪೈಕಿ ಚಿಕ್ಕದನ್ನು ಪ್ಯಾಂಟಿನ ಜೇಬಿಗೆ ಇಳಿಸಿದ. ಕಳ್ಳತನಕ್ಕೆ ಹೊರಟವನ ಹಾಗೆ ಎರಡು ಸಲ ಹಿಂದೆ ನೋಡಿದ.

ಹೊಳೆದಂಡೆಯ ಸ್ಟಾಪಿನಲ್ಲಿ ಇಳಿದ ಜನ ಗುಂಪುಗಟ್ಟಿ ನಿಂತಿದ್ದರು. ಮುಂದಿನ ಟ್ರಿಪ್ಪಿಗೆ ಕಾಯುವವರೂ ಸೇರಿಕೊಂಡಿದ್ದರು. ಬಸ್ಸಿನ ಹಿಂದಿನ ಕೊಳವೆಯಿಂದ ನೀರು ತೊಟ್ಟಿಕ್ಕಿ ಡಾಂಬರಿನ ಮೇಲೆ ಅಂಗೈಯಗಲದ ಒದ್ದೆ ಮಾಡಿತ್ತು. ಮಗಳು ಬಾಗಿಲ ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದಳು. ಅವನನ್ನು ಕಂಡದ್ದೇ ಮುಖ ಕೆಂಪಾಯಿತು.

"ಎಲ್ಲ ಬಿಟ್ಟು ಸ್ಪ್ಯಾನರ್ ಮರೀತಾರಾ ಅಪ್ಪ? ಅದೂ ನನ್ನ ಗಾಡೀಲೇ?"

"ಒಂದ್ನಿಮಿಷ ಕಣಮ್ಮ."

"ಆ ಅಜ್ಜ ಏನಂದ್ರು ಗೊತ್ತಾ? 'ಹೆಂಗಸ್ರ ಕೈಗೆ ಕೊಟ್ರೆ ಹೀಗೇ ಕೆಟ್ಟು ನಿಲ್ಲೋದು' ಅಂತ. ನಾನೇನು ಹೇಳ್ಲಿ? ಕೆಟ್ಟಿಲ್ಲ ಅಜ್ಜ, ನಮ್ಮಪ್ಪ ಮರೆತದ್ದು ಅಂತ ಹೇಳ್ಲಾ?"

ಅವನು ಹಿಂಬದಿಯ ಏಣಿ ಹತ್ತಿದ. ಪ್ರತಿ ಮೆಟ್ಟಿಲಿಗೂ ಜೇಬಿನ ಸ್ಪ್ಯಾನರ್ ತೊಡೆ ತಿವಿಯಿತು. ಮೇಲೆ ಬಿಸಿಲು, ಹೊಳೆಯ ಕಡೆಯಿಂದ ಬೀಸುವ ಗಾಳಿ. ಮುಚ್ಚಳ ಎತ್ತಿ ನಿಲ್ಲಿಸಿ, ಕೆಳಗಿನವರಿಗೆ ಬೆನ್ನು ಮಾಡಿ ಮಂಡಿಯೂರಿದ. ಅದೇ ಜಾಯಿಂಟು. ನಿನ್ನೆಯ ತನ್ನ ಬೆರಳಿನ ಗುರುತು ಅದರ ಹೊಳಪಿನ ಮೇಲೆ ಇನ್ನೂ ಮಸುಕಾಗಿ ಉಳಿದಿತ್ತು. ಆ ಕೈ ಏನು ಮಾಡಿತು ಎಂದು ಅದು ಹೇಳಲಿಲ್ಲ. ಫ್ಲಾಸ್ಕು ಬಗ್ಗಿಸಿದ. ದಾರಿಯುದ್ದಕ್ಕೂ ಸ್ಕೂಟರಿನಲ್ಲಿ ಕುಲುಕಿ ಬಂದ ನೀರು ಬರೀ ನೊರೆಯಾಗಿತ್ತು. ಜಾಯಿಂಟಿನ ಸುತ್ತ ಬಿಳಿಯ ರಾಶಿ ನಿಂತಿತು, ಸಾವಿರ ಗುಳ್ಳೆ, ಯಾವುದು ತಾನು ತಂದದ್ದು, ಯಾವುದು ಒಳಗಿನಿಂದ ಬಂದದ್ದು? ಕಾಯಬೇಕು. ಕೆಳಗೆ ಯಾರೋ, "ಮೇಲೆ ಸಂಸಾರ ಹೂಡಿದ್ರಾ ಯಜಮಾನ್ರೇ?" ಎಂದು ಕೂಗಿದರು, ಗುಂಪು ನಕ್ಕಿತು. ಅವನು ನೊರೆಯ ಮೇಲೆ ಕಣ್ಣು ನೆಟ್ಟು ಕೂತ. ಗುಳ್ಳೆಗಳು ಒಂದೊಂದಾಗಿ ಒಡೆದವು. ಕೆಲವು ಒಂದರೊಳಗೊಂದು ಸೇರಿ ದೊಡ್ಡದಾಗಿ, ಅದರ ಮೈಮೇಲೆ ಆಕಾಶ ಬಾಗಿ ಕಂಡು, ಮರುಕ್ಷಣ ಅದೂ ಒಡೆಯಿತು. ಹೆಂಡತಿ ಬೆಳಗ್ಗೆ ಕಣ್ಣು ಮುಚ್ಚಿ ಕೂರುವಾಗ ಅವಳ ಮುಖ ಹೀಗೇ ಇರುತ್ತದೆಯೆ, ಏನೋ ಬರುವುದನ್ನೋ ಬಾರದಿರುವುದನ್ನೋ ಹೀಗೇ ಕಾಯುತ್ತಾಳೆಯೆ ಎಂದು ಯೋಚನೆ ಬಂತು. ಕೊನೆಗೆ ತೆಳ್ಳನೆಯ ನೀರಿನ ಪದರ ಉಳಿಯಿತು. ಅದು ಅಲುಗಲಿಲ್ಲ. ಬೆರಳಿನಿಂದ ಮತ್ತೆ ಸವರಿದ, ಸುತ್ತಲೂ ಸವರಿದ. ಒಂದು ಗುಳ್ಳೆಯೂ ಏಳಲಿಲ್ಲ.

ಸೋರುತ್ತಿಲ್ಲ. ಬರಬೇಕಾದ ಸಂತೋಷ ಬಾಗಿಲವರೆಗೆ ಬಂದು ಹೊರಗೇ ನಿಂತಿತು. ಜಾಯಿಂಟು ಗಟ್ಟಿಯಾಗಿದೆ, ತಾನು ನೋಡಿದ್ದರೂ ಗಟ್ಟಿಯಾಗಿರುತ್ತಿತ್ತು, ನೋಡದಿದ್ದರೂ. ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ಅವನು ಎದ್ದು ನಿಂತು ಜೇಬಿನಿಂದ ಸ್ಪ್ಯಾನರ್ ತೆಗೆದು ಮೇಲೆತ್ತಿ, "ಸಿಕ್ತು!" ಎಂದ. ಕೆಳಗಿನವರು ಚಪ್ಪಾಳೆ ತಟ್ಟಿ ಸಿಳ್ಳೆ ಹಾಕಿದರು. ಬಹುಮಾನ ಗೆದ್ದವನ ಹಾಗೆ ಅದನ್ನು ಎತ್ತಿ ಹಿಡಿದೇ ನಿಂತಿದ್ದ, ತನ್ನ ತೋಳಿಗೆ ತಾನೇ ನಾಚುತ್ತ.

ಏಣಿಯ ಮೇಲೆ ಹೆಜ್ಜೆಯ ಸದ್ದಾಗಿ ಮಗಳ ತಲೆ ಕಂಡಿತು. ನಗು ಹತ್ತಿಕ್ಕಿಕೊಂಡಿದ್ದಳು. ಸಿಟ್ಟು ಇಳಿದಿತ್ತು. "ಸಾಕು ಇಳಿ ಮಹಾರಾಯ, ಮೆರವಣಿಗೆ ಮಾಡ್ತಾರೆ ಇನ್ನು. ಮುಚ್ಚಳ ನಾನು ಹಾಕ್ತೀನಿ, ನಿನ್ನ ಸೊಂಟಕ್ಕೆ ಆಗಲ್ಲ." ಹತ್ತಿ ಬಂದು ತಗ್ಗಿನೊಳಗೆ ನೋಡಿದಳು. "ಇದೇನು ಒದ್ದೆ?"

"ಟೀ ಚೆಲ್ತು."

"ಒಳ್ಳೇ ಟೀ" ಎಂದು ಅವಳು ಕರವಸ್ತ್ರದಿಂದ ಜಾಯಿಂಟು ಒರೆಸಿದಳು. ಒರೆಸಿ, ಒಂದು ಕೈಯಲ್ಲಿ ಮುಚ್ಚಳ ಹಿಡಿದುಕೊಂಡು, ಬಗ್ಗಿದಳು. ಕುತ್ತಿಗೆ ಬಾಗಿತು. ಯಾರೋ ಹಿಂದಿನಿಂದ ಹಿಡಿದು ಬಗ್ಗಿಸಿದ ಹಾಗೆ ಬಾಗಿತು. ಮೂಗು ಜಾಯಿಂಟಿನ ಹತ್ತಿರ ಹೋಯಿತು, ಒಂದು ಸಣ್ಣ ಉಸಿರು ಒಳಗೆ ಹೋಯಿತು.

"ಸರಿಯಾಗಿದೆ ಅಪ್ಪ" ಅಂದಳು.

ಮುಚ್ಚಳ ಇನ್ನೂ ಅವಳ ಕೈಯಲ್ಲೇ ಇತ್ತು. ಅವನ ಕೈ ಚಾಚಿ ಅವಳ ಮಣಿಕಟ್ಟು ಹಿಡಿಯಿತು. ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಹಿಡಿಯಿತು.

"ಏನು ಸರಿಯಾಗಿದೆ?"

"ಬಿಡು, ನೋಯುತ್ತೆ. ಏನಾಯ್ತು?"

"ಏನು ನೋಡಿ ಹೇಳ್ದೆ, ಸರಿಯಾಗಿದೆ ಅಂತ?"

ಅವಳಿಗೆ ಆಗ ಹೊಳೆಯಿತು. ನಾಲಿಗೆ ಕಚ್ಚಿ ನಕ್ಕಳು. "ಅಯ್ಯೋ, ಅಭ್ಯಾಸ ಅಪ್ಪ! ಚಿಕ್ಕೋಳಿದ್ದಾಗ ನೀನೇ ಅಲ್ವಾ ಕಲಿಸಿದ್ದು. ಯಾರಿಗೂ ಹೇಳ್ಬೇಡ, ಬೀಗದ ಮಾವ ಕೇಳಿದ್ರೆ ಊರೆಲ್ಲ ಡಂಗುರ ಹೊಡೀತಾರೆ."

ಅವನಿಗೆ ಅವಳ ನಗು ಮುಖದ ಹಿಂದೆ ಸುರಂಗದ ಕಮಾನು ಕಂಡಿತು. ಇವತ್ತಿನದಲ್ಲ. ಮುಂದೊಂದು ದಿನದ್ದು, ತಾನು ಇಲ್ಲದ ಯಾವುದೋ ದಿನದ್ದು. ಗಡಿಬಿಡಿಯ ಒಂದು ಸಂಜೆ, ಕೆಳಗಿನಿಂದ ಯಾರೋ ಚೆಕ್ ಆಯ್ತಾ ಎಂದು ಕೂಗುತ್ತಾರೆ, ಇವಳ ಕುತ್ತಿಗೆ ಬಾಗುತ್ತದೆ. ಆ ಕುತ್ತಿಗೆಯ ಮೇಲಿರುವ ಕೈ ತನ್ನದು.

"ನಿನ್ನೆ ನಾನೂ ಇಷ್ಟೇ ಮಾಡಿದ್ದು" ಎಂದ.

"ಏನು?"

"ಮೂಸಿದೆ. ಮೂಸಿ ಆಯ್ತು ಅಂದೆ. ಮೀಟರ್ ಹಿಡಿದ ನೆನಪಿಲ್ಲ ನನಗೆ. ಬೆಳಗ್ಗೆ ಒಲೆ ಮುಂದೆ ಹೊಳೀತು."

ಅವಳ ನಗು ಒಮ್ಮೆಲೆ ಹೋಗಲಿಲ್ಲ. ಎಲ್ಲಿ ಹೋಗಬೇಕೆಂದು ತಿಳಿಯದೆ ಮುಖದ ಮೇಲೇ ಸ್ವಲ್ಪ ಹೊತ್ತು ಉಳಿಯಿತು. ಫ್ಲಾಸ್ಕನ್ನು ನೋಡಿದಳು, ಕರವಸ್ತ್ರವನ್ನು ಮೂಗಿನ ಹತ್ತಿರ ತಂದಳು. "ಸೋಪು" ಎಂದಳು. ಆಮೇಲೆ, "ಸ್ಪ್ಯಾನರ್?"

"ಜೇಬಲ್ಲಿತ್ತು."

ಹೊಳೆಯ ಕಡೆಯಿಂದ ಗಾಳಿ ಬಂದು ಮುಚ್ಚಳವನ್ನು ಅವಳ ಕೈಯಲ್ಲಿ ಅಲುಗಿಸಿತು. "ಬೆಳಗ್ಗೆಯಿಂದ ಈ ಗಾಡೀಲಿ ಯಾರ್ಯಾರು ಕೂತಿದ್ರು ಗೊತ್ತಾ ನಿನಗೆ?" ಎಂದಳು. ದನಿ ಏರಿರಲಿಲ್ಲ. "ಮಗೂನ ಹೆಗಲ ಮೇಲೆ ಹಾಕ್ಕೊಂಡು ಒಬ್ಬಳು, ನನ್ನ ಹಿಂದಿನ ಸೀಟಲ್ಲೇ. ಆ ಅಜ್ಜ. ಫೋನ್ ಮಾಡಿದ್ರೆ ಆಗ್ತಿರ್ಲಿಲ್ವಾ? ನನಗೆ ಮಾಡ್ಬಾರ್ದಿತ್ತಾ?"

"ಸೋರ್ತಿಲ್ಲಮ್ಮ. ಈಗ ನೋಡ್ದೆ, ಒಂದು ಗುಳ್ಳೇನೂ..."

"ಈಗ."

ಎಳೆಯ ವಯಸ್ಸಿನಲ್ಲಿ ಮುದುಕ ಮೇಸ್ತ್ರಿಯ ಕೈಯಿಂದ ಪೆಟ್ಟು ತಿಂದಾಗಲೂ ಅವನು ಇಷ್ಟು ಚಿಕ್ಕವನಾಗಿರಲಿಲ್ಲ. ಮಗಳು ಮುಚ್ಚಳವನ್ನು ಮುಚ್ಚಲಿಲ್ಲ. ತೆರೆದೇ ನಿಲ್ಲಿಸಿ ಕೊಂಡಿ ಹಾಕಿದಳು. ತನ್ನ ಫೋನು ತೆಗೆದು ಎಂಜಿನಿಯರನ ನಂಬರು ಒತ್ತಿ ಅವನ ಕೈಗಿಟ್ಟಳು. "ನೀನೇ ಹೇಳು. ಅವರು ಮೀಟರ್ ತಂದು ಹಿಡಿಯೋವರೆಗೂ ನಾನು ಗಾಡಿ ತೆಗೆಯಲ್ಲ" ಎಂದು ಏಣಿಯ ಕಡೆ ತಿರುಗಿದಳು. 'ಊರು ಏನನ್ನುತ್ತೆ' ಎಂದು ಬಾಯಿಗೆ ಬಂದದ್ದನ್ನು ಅವನು ನುಂಗಿಕೊಂಡ. ಒಂದು ಮೆಟ್ಟಿಲು ಇಳಿದವಳು ನಿಂತು, ಅವನ ಮುಖ ನೋಡದೆ, "ಬಿಸಿಲಿದೆ, ತಲೆಗೆ ಹಾಕ್ಕೋ" ಎಂದು ತನ್ನ ಟೋಪಿ ಅವನ ಪಕ್ಕ ಇಟ್ಟು ಹೋದಳು. ಕೆಳಗೆ ಅವಳ ದನಿ ಕೇಳಿತು: ಈ ಬಸ್ಸು ಈಗ ಹೋಗಲ್ಲ, ಹಿಂದೆ ಬರೋ ಬಸ್ಸಿಗೆ ಬನ್ನಿ, ಒಂದು ಜಾಯಿಂಟ್ ಮತ್ತೆ ನೋಡ್ಬೇಕು. ಯಾರೋ ಬೈದರು. ಯಾರೋ, "ನಾನು ಹೇಳ್ಲಿಲ್ವಾ, ಬಾಂಬು!" ಎಂದರು. ಅವಳು ಮತ್ತದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ಬಸ್ಸಿನ ಒಳಗಿನ ಸಣ್ಣ ಗುಂಯ್ ಸದ್ದು ನಿಂತುಹೋಯಿತು, ಹಿಂದಿನ ಕೊಳವೆಯ ಹನಿಗಳು ಬಿಡಿಬಿಡಿಯಾಗಿ ಬಿದ್ದು ಆಮೇಲೆ ಬೀಳಲಿಲ್ಲ.

ಕಿವಿಯಲ್ಲಿ ಫೋನು ರಿಂಗಾಗುತ್ತಿತ್ತು. ಅವನು ಟೋಪಿ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ಕೂತ.

"ಹಾಂ, ಮೇಸ್ತ್ರಿಯವರಾ?" ಎಂಜಿನಿಯರನ ದನಿ ಗೆಲುವಾಗಿತ್ತು. ಹಿಂದೆ ಬೀಗದಣ್ಣನ ಗೊಂಚಲಿನ ಸದ್ದು, ಯಾರದೋ ನಗು. "ಸಿಕ್ತಾ ಸ್ಪ್ಯಾನರ್ರು?"

ಸಿಕ್ತು ಸಾರ್ ಎಂಬ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದು ನಿಂತಿತು. ಅದು ಹಿಂದೆ ಹೋಗುವವರೆಗೂ ಅವನು ಕಾದ.

"ಕಳೆದೇ ಇರ್ಲಿಲ್ಲ ಸಾರ್" ಎಂದ.

ಆ ಕಡೆ ನಗು ನಿಂತಿತು. ಅವನು ಮುಂದಿನ ಮಾತಿಗೆ ಉಸಿರೆಳೆದುಕೊಂಡ. ಎಳೆದ ಉಸಿರಿನಲ್ಲಿ ಹೊಳೆಯ ಕೆಸರಿನ ವಾಸನೆ ಇತ್ತು, ಸೋಪಿನ ವಾಸನೆ ಇತ್ತು, ಮಗಳ ಟೋಪಿಯ ಬೆವರಿನ ವಾಸನೆ ಇತ್ತು. ಬೇರೇನೂ ಇರಲಿಲ್ಲ.